ಕೈಗೆ ಅಂಟಿದ ಚಾಳಿ ಬಿಡಿಸುವುದು: ಡಿಜಿಟಲ್ ಭಾವಚಿತ್ರ ಬರೆಯುವವರಿಗೊಂದು ಮಾರ್ಗದರ್ಶಿ

ಕೆಲವು ವರ್ಷ ಟ್ಯಾಬ್ಲೆಟ್‌ನಲ್ಲಿ ಮುಖಗಳನ್ನು ಬರೆದು ಒಂದು ಹಂತದಲ್ಲಿ ನಿಂತುಬಿಟ್ಟವರ ಚಿತ್ರಗಳಲ್ಲಿ ಒಂದೇ ಬಗೆಯ ಲಕ್ಷಣಗಳು ಕಾಣುತ್ತವೆ. ರೆಪ್ಪೆಗೂದಲು ಒಂದೊಂದನ್ನೂ ಎಣಿಸಬಹುದು, ತುಟಿಯ ಸಣ್ಣ ಗೆರೆಗಳೂ ಬಿಟ್ಟುಹೋಗಿಲ್ಲ. ಆದರೆ ಚರ್ಮ ಮೇಣದಂತಿದೆ, ಎರಡು ಕಣ್ಣುಗಳ ಓರೆ ಹೊಂದುವುದಿಲ್ಲ, ತಲೆ ಕುತ್ತಿಗೆಯ ಮೇಲೆ ಕೂತೇ ಇಲ್ಲ. ಇಂಥವರು ಹೊಸ ಬ್ರಷ್‌ಗಳನ್ನು ಇಳಿಸಿಕೊಳ್ಳುತ್ತಾರೆ, ಇನ್ನಷ್ಟು ವಿಡಿಯೊ ನೋಡುತ್ತಾರೆ, ಮುಂದಿನ ಚಿತ್ರವನ್ನೂ ಹಾಗೆಯೇ ಬರೆಯುತ್ತಾರೆ. ಅವರಿಗೆ ಗೊತ್ತಿಲ್ಲದ ವಿಷಯ ಕಡಿಮೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ. ಪೆನ್ ಹಿಡಿದ ಕೂಡಲೇ ಕೈ ತನಗೆ ರೂಢಿಯಾದದ್ದನ್ನು ಮಾಡತೊಡಗುತ್ತದೆ, ಅಷ್ಟೇ.

ಈ ರೂಢಿಗಳನ್ನು ಬಿಚ್ಚಿ ನೋಡಿದರೆ ಎಲ್ಲದರ ಬುಡದಲ್ಲಿಯೂ ಒಂದೇ ಸಂಗತಿ ಸಿಗುತ್ತದೆ: ತೀರ್ಮಾನ ತಪ್ಪಿಸಿಕೊಳ್ಳುವ ಉಪಾಯ. ನೆರಳು ಎಲ್ಲಿ ಮುಗಿಯುತ್ತದೆ ಎಂದು ನಿರ್ಧರಿಸಲು ಮನಸ್ಸಿಲ್ಲದಾಗ ಅಂಚು ಮಸುಕಾಗಿ ಬಣ್ಣ ಹಚ್ಚುವ ಏರ್‌ಬ್ರಷ್ ಬರುತ್ತದೆ. ನೆರಳಿನ ಬಣ್ಣ ಯಾವುದೆಂದು ಯೋಚಿಸಲು ಬೇಸರವಾದಾಗ ಕಪ್ಪು ಬರುತ್ತದೆ. ಇಡೀ ತಲೆಯ ಓರೆ ಸರಿಯಿದೆಯೇ ಎಂದು ನೋಡಲು ಅಂಜಿಕೆಯಾದಾಗ ಝೂಮ್ ಮಾಡಿ ಕಣ್ಣಿನೊಳಗೆ ಹೊಕ್ಕುಬಿಡುತ್ತೇವೆ. ಸಾಫ್ಟ್‌ವೇರ್ ಇದಕ್ಕೆಲ್ಲ ಧಾರಾಳವಾಗಿ ಅನುಕೂಲ ಮಾಡಿಕೊಡುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ನಿಷೇಧಗಳೇ. ಒಂದು ಉಪಕರಣವನ್ನು ಸ್ವಲ್ಪ ಕಾಲ ಕೈಗೆ ಸಿಗದಂತೆ ಇಟ್ಟರೆ, ಅದರ ಮರೆಯಲ್ಲಿ ಉಳಿದುಹೋಗಿದ್ದ ತೀರ್ಮಾನವನ್ನು ನೀವೇ ಮಾಡಬೇಕಾಗುತ್ತದೆ.

ಮೊದಲ ಹೆಜ್ಜೆ: ಚಾಳಿ ಯಾವುದೆಂದು ಪತ್ತೆ ಮಾಡಿ

ನಿಮ್ಮ ಈಚಿನ ನಾಲ್ಕೈದು ಭಾವಚಿತ್ರಗಳನ್ನು ಒಂದೇ ಕ್ಯಾನ್ವಾಸ್‌ನಲ್ಲಿ ಪಕ್ಕಪಕ್ಕದಲ್ಲಿ ಇಡಿ. ಒಂದೊಂದು ಚಿತ್ರವನ್ನೇ ನೋಡುತ್ತಿದ್ದರೆ ತಪ್ಪು ಆ ಚಿತ್ರದ್ದು ಅನ್ನಿಸುತ್ತದೆ. ಸಾಲಾಗಿ ಇಟ್ಟಾಗ ಮಾತ್ರ ಅದು ನಿಮ್ಮದು ಎಂದು ಗೊತ್ತಾಗುತ್ತದೆ. ಈಗ ಮೂರು ಪರೀಕ್ಷೆ ಮಾಡಿ.

ಚಿತ್ರಗಳನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ. ಆ ಗಾತ್ರದಲ್ಲಿಯೂ ಬೆಳಕು ಯಾವ ಬದಿಯದು, ತಲೆ ಯಾವ ಕಡೆ ತಿರುಗಿದೆ ಎಂಬುದು ಕಾಣಬೇಕು. ಕಾಣದಿದ್ದರೆ ನೀವು ವಿವರಗಳನ್ನು ಬರೆದಿದ್ದೀರಿ, ತಲೆಯನ್ನು ಬರೆದಿಲ್ಲ.

ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿ. ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಎಂ ಕೀಲಿ ಒತ್ತಿದರೆ ಸಾಕು. ಪ್ರೊಕ್ರಿಯೇಟ್, ಫೋಟೋಶಾಪ್, ಕ್ಲಿಪ್ ಸ್ಟುಡಿಯೊಗಳಲ್ಲಿಯೂ ಈ ಸೌಲಭ್ಯ ಇದೆ. ಗಂಟೆಗಟ್ಟಲೆ ನೋಡಿ ಕಣ್ಣು ಒಗ್ಗಿಹೋದ ಓರೆಕೋರೆಗಳು ತಿರುಗಿಸಿದ ಕ್ಷಣಕ್ಕೆ ಎದ್ದು ಕಾಣುತ್ತವೆ. ಎಲ್ಲ ಚಿತ್ರಗಳೂ ಒಂದೇ ಕಡೆಗೆ ವಾಲಿದ್ದರೆ ಅದು ಕೈಯ ವಾಲು. ಟ್ಯಾಬ್ಲೆಟ್ ನಿಮ್ಮ ಎದುರಿಗೆ ನೇರವಾಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಮೂರನೆಯದು ಬಣ್ಣ ತೆಗೆದು ನೋಡುವುದು. ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಒಂದು ಲೇಯರ್ (ಪದರ) ಇಟ್ಟು ಅದರ ಬ್ಲೆಂಡ್ ಮೋಡ್ ಅನ್ನು, ಅಂದರೆ ಕೆಳಗಿನ ಪದರದೊಂದಿಗೆ ಬೆರೆಯುವ ರೀತಿಯನ್ನು, 'ಕಲರ್' ಮಾಡಿ. ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸ್ಲೈಡರ್ ಅನ್ನು ಸೊನ್ನೆಗೆ ಎಳೆಯುವ ಸುಲಭದ ದಾರಿಯನ್ನು ನಾನು ಹೇಳುವುದಿಲ್ಲ. ಅನೇಕ ಪ್ರೋಗ್ರಾಂಗಳಲ್ಲಿ ಆ ಲೆಕ್ಕಾಚಾರ ಅಚ್ಚ ಹಳದಿಯನ್ನೂ ಅಚ್ಚ ನೀಲಿಯನ್ನೂ ಒಂದೇ ಬೂದು ಮಾಡಿಬಿಡುತ್ತದೆ. ಕಣ್ಣಿಗೆ ಆ ಎರಡರ ತಿಳಿ-ಗಾಢ ಎಷ್ಟು ದೂರವೆಂದು ಯಾರಿಗಾದರೂ ಗೊತ್ತು. ಬೂದು ಚಿತ್ರದಲ್ಲಿ ಬೆಳಕಿನ ಭಾಗವೂ ನೆರಳಿನ ಭಾಗವೂ ಬೆರೆತು ಒಂದೇ ಮುದ್ದೆಯಾಗಿದ್ದರೆ ಮೂರನೆಯ ಹೆಜ್ಜೆಯ ಮೇಲೆ ಹೆಚ್ಚು ಸಮಯ ಕಳೆಯಬೇಕು.

ಕಂಡದ್ದನ್ನು ಮಾತಿನಲ್ಲಿ ಬರೆದಿಡಿ. "ಚೆನ್ನಾಗಿಲ್ಲ" ಎಂದಲ್ಲ. "ಮೂಗಿನ ಎರಡೂ ಬದಿಯಲ್ಲಿ ನೆರಳು ಹಾಕಿದ್ದೇನೆ", "ದೂರದ ಕಣ್ಣು ಹತ್ತಿರದ ಕಣ್ಣಿನಷ್ಟೇ ಅಗಲವಿದೆ" ಎಂಬಂತೆ. ಪಟ್ಟಿ ಎಷ್ಟೇ ಉದ್ದವಾದರೂ ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಎರಡನೇ ಗಂಟೆಗೆ ಕೈ ಹಳೆಯ ದಾರಿಗೆ ಮರಳಿರುತ್ತದೆ.

ಎರಡನೇ ಹೆಜ್ಜೆ: ಝೂಮ್ ಬಿಡಿ

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಝೂಮ್ ಹೋಗದೆ ಉಳಿದ ಯಾವ ಚಾಳಿಯೂ ಪೂರ್ತಿ ಹೋಗುವುದಿಲ್ಲ. ಪರದೆಯ ತುಂಬ ಒಂದೇ ಕಣ್ಣು ಇರುವಾಗ ಅದು ಮುಖದ ಮಧ್ಯರೇಖೆಯಿಂದ ಎಷ್ಟು ದೂರ, ಇನ್ನೊಂದು ಕಣ್ಣಿಗಿಂತ ಎಷ್ಟು ಮೇಲೆ ಎಂದು ಹೇಳುವವರಾರು? ಆಗ ಕೈ ನೋಡಿದ್ದನ್ನು ಬಿಟ್ಟು ಕಲಿತ ಗುರುತನ್ನು ಬರೆಯುತ್ತದೆ: ಬಾದಾಮಿ ಆಕಾರ, ನಡುವೆ ದುಂಡಗಿನ ಪಾಪೆ, ಸುತ್ತ ಬಿಳಿ, ಮೇಲೆ ಸಾಲು ರೆಪ್ಪೆ.

ಬಿಡಿಸುವ ದಾರಿ ಸರಳ. ಉದ್ದದ ಬದಿ 1000 ಪಿಕ್ಸೆಲ್‌ಗಿಂತ ಹೆಚ್ಚಿಲ್ಲದ ಸಣ್ಣ ಕ್ಯಾನ್ವಾಸ್ ತೆರೆಯಿರಿ. ಝೂಮ್ ಮಾಡಿದರೂ ಅಲ್ಲಿ ಚೌಕಗಳಲ್ಲದೆ ಬೇರೇನೂ ಸಿಗುವುದಿಲ್ಲ. ಇಡೀ ಚಿತ್ರ ಸದಾ ಪರದೆಯಲ್ಲಿರಲಿ. ಕೆಲಸದ ಅರ್ಧ ದಾಟುವವರೆಗೆ ಕಣ್ಣಿನ ಅಗಲಕ್ಕಿಂತ ಸಣ್ಣ ಬ್ರಷ್ ಬಳಸಬೇಡಿ. ಮೊದಲು ತಲೆಯ ಓರೆ, ಕೂದಲಿನ ಒಟ್ಟು ರಾಶಿ, ಕುತ್ತಿಗೆ ಹೆಗಲಿಗೆ ಸೇರುವ ರೀತಿ, ನೆರಳಿನ ದೊಡ್ಡ ಆಕಾರ. ಕಣ್ಣಿನ ಜಾಗದಲ್ಲಿ ಸದ್ಯಕ್ಕೆ ಎರಡು ಕಪ್ಪು ಕುಳಿ ಇದ್ದರೆ ಸಾಕು. ಆಕಾರಗಳು ಸರಿಯಾಗಿದ್ದರೆ ಆ ಕುಳಿಗಳಲ್ಲೇ ವ್ಯಕ್ತಿ ಯಾರೆಂದು ಗುರುತು ಸಿಗುತ್ತದೆ. ಸಿಗದಿದ್ದರೆ ರೆಪ್ಪೆ ಬರೆದರೂ ಸಿಗದು.

ಅಳತೆಯ ಎರಡು ಮಾತು. ವಯಸ್ಕರ ತಲೆಯನ್ನು ನೇರ ಮುಂದಿನಿಂದ ನೋಡಿದರೆ ಕಣ್ಣಿನ ಗೆರೆ ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಬರುತ್ತದೆ. ಹಣೆಗೂ ಬುರುಡೆಗೂ ನಾವು ಬೆಲೆ ಕೊಡದ್ದರಿಂದ ಕಣ್ಣುಗಳು ಸದಾ ಮೇಲಕ್ಕೇರುತ್ತವೆ. ಎರಡು ಕಣ್ಣುಗಳ ನಡುವಿನ ಅಂತರ ಒಂದು ಕಣ್ಣಿನಷ್ಟು. ಇವು ಸರಾಸರಿಗಳು ಮಾತ್ರ. ನಿಮ್ಮ ಎದುರಿನ ಮುಖ ಈ ಸರಾಸರಿಯಿಂದ ಎಲ್ಲಿ ಸರಿಯುತ್ತದೋ ಅಲ್ಲಿಯೇ ಹೋಲಿಕೆ ಇರುವುದು, ಆದ್ದರಿಂದ ಆ ವ್ಯತ್ಯಾಸವನ್ನು ಕೊಂಚ ಹೆಚ್ಚಿಸಿ ಬರೆದರೂ ತಪ್ಪಿಲ್ಲ.

ಸಣ್ಣ ವಿವರಕ್ಕೆ ಝೂಮ್ ಮಾಡಲೇಬೇಕಾದ ಹಂತ ಬಂದಾಗ ಅದೇ ಚಿತ್ರದ ಇನ್ನೊಂದು ಕಿಟಕಿಯನ್ನು ಪಕ್ಕದಲ್ಲಿ ಪೂರ್ಣವಾಗಿ ಕಾಣುವಂತೆ ತೆರೆದಿಡಿ. ಫೋಟೋಶಾಪ್‌ನಲ್ಲಿ ಒಂದೇ ಕಡತಕ್ಕೆ ಎರಡನೇ ಕಿಟಕಿ ತೆರೆಯಬಹುದು, ಪ್ರೊಕ್ರಿಯೇಟ್‌ನಲ್ಲಿ 'ರೆಫರೆನ್ಸ್' ಇದೆ. ಕಣ್ಣು ಆ ಕಿಟಕಿಯ ಮೇಲಿರಲಿ, ಕೈ ಈ ಕಿಟಕಿಯಲ್ಲಿರಲಿ.

ಮೂರನೇ ಹೆಜ್ಜೆ: ಏರ್‌ಬ್ರಷ್‌ಗೆ ರಜೆ

ಡಿಜಿಟಲ್ ಭಾವಚಿತ್ರಗಳ ಅತಿ ದೊಡ್ಡ ಕಾಯಿಲೆ ಇದು. ಮೆದು ಬ್ರಷ್ ಹಿಡಿದು ಪ್ರತಿ ಆಕಾರದ ಸುತ್ತಲೂ ಸ್ವಲ್ಪ ಕಪ್ಪಾಗಿಸಿ, ನಡುವೆ ಸ್ವಲ್ಪ ಬೆಳಗಿಸಿದರೆ ಏನೋ ಉಬ್ಬಿದಂತೆ ಕಾಣುತ್ತದೆ. ಕೆನ್ನೆಯೂ ಹಾಗೆ, ಮೂಗಿನ ತುದಿಯೂ ಹಾಗೆ, ಗದ್ದವೂ ಹಾಗೆ. ಬೆಳಕು ಯಾವ ಕಡೆಯಿಂದ ಬಂದರೂ ಅದೇ ಉಬ್ಬು. ಒಂದೊಂದೂ ಬೇರೆಬೇರೆ ದೀಪದ ಕೆಳಗೆ ಇರುವುದರಿಂದ ಎಲ್ಲವೂ ಸೇರಿ ಒಂದು ತಲೆಯಾಗುವುದೇ ಇಲ್ಲ.

ತಲೆಗೆ ಬಾಗುವ ಜಾಗಗಳಿವೆ. ಹಣೆ ಮುಂದಕ್ಕೂ ಪಕ್ಕಕ್ಕೂ ತಿರುಗುವ ಅಂಚು, ಕೆನ್ನೆಮೂಳೆಯ ಕೆಳಗೆ ಒಳಕ್ಕೆ ಇಳಿಯುವ ಭಾಗ, ಮೂಗಿನ ಅಡಿ, ಕೆಳತುಟಿಯ ಕೆಳಗಿನ ತಗ್ಗು. ಈ ತಿರುವುಗಳನ್ನು ಚಪ್ಪಟೆ ತಟ್ಟುಗಳಾಗಿ ಕಲ್ಪಿಸಿಕೊಂಡರೆ ಪ್ರತಿ ತಟ್ಟೂ ಬೆಳಕಿಗೆ ಎಷ್ಟು ಮುಖ ಮಾಡಿದೆಯೋ ಅಷ್ಟು ಬೆಳಗುತ್ತದೆ. ಅಮೆರಿಕದ ಕಲಾವಿದ ಜಾನ್ ಅಸಾರೊ ಇದಕ್ಕಾಗಿಯೇ ತಲೆಯನ್ನು ತಟ್ಟುಗಳಾಗಿ ಒಡೆದ ಒಂದು ಶಿಲ್ಪ ಮಾಡಿದರು. ಅಸಾರೊ ಹೆಡ್ ಎಂದೇ ಅದು ಚಿತ್ರಕಾರರಲ್ಲಿ ಪ್ರಸಿದ್ಧ. ಆ ಬಗೆಯ ತ್ರಿಡಿ ಮಾದರಿಗಳನ್ನು ಪರದೆಯ ಮೇಲೆ ತಿರುಗಿಸುತ್ತ, ದೀಪದ ಜಾಗ ಬದಲಿಸುತ್ತ ನೋಡಬಹುದು. ಸುಮ್ಮನೆ ನೋಡಬೇಡಿ, ಬರೆಯಿರಿ.

ಅಭ್ಯಾಸ ಹೀಗೆ. ಗಟ್ಟಿ ಅಂಚಿನ ದುಂಡು ಬ್ರಷ್ ಒಂದೇ. ಅಪಾಸಿಟಿ, ಅಂದರೆ ಕೆಳಗಿನದು ಕಾಣದಂತೆ ಬಣ್ಣ ಮುಚ್ಚುವ ಪ್ರಮಾಣ, 100. ಒತ್ತಡಕ್ಕೆ ತಕ್ಕಂತೆ ಬಣ್ಣ ತೆಳುವಾಗುವ ಆಯ್ಕೆಯನ್ನು ಆಫ್ ಮಾಡಿಬಿಡಿ, ಗಾತ್ರ ಬದಲಾಗುವುದಿದ್ದರೆ ಇರಲಿ. ಒಂದೇ ಬದಿಯಿಂದ ಬಲವಾದ ಬೆಳಕು ಬಿದ್ದಿರುವ ಒಂದು ಫೋಟೊ ಆರಿಸಿ.

ಮೊದಲ ಸುತ್ತಿನಲ್ಲಿ ಎರಡೇ ಬೂದು: ಒಂದು ಬೆಳಕಿಗೆ, ಒಂದು ನೆರಳಿಗೆ. ನಡುವೆ ಏನೂ ಇಲ್ಲ. ಪ್ರತಿ ಬಿಂದುವೂ ಯಾವುದಾದರೂ ಒಂದು ಪಕ್ಷಕ್ಕೆ ಸೇರಲೇಬೇಕು. ಇಲ್ಲಿ ಸಿಕ್ಕಿಬೀಳುವುದು ಕೆನ್ನೆಯ ತಿರುವಿನಲ್ಲಿ. ಅಲ್ಲಿ ಬೆಳಕು ಮೆಲ್ಲಗೆ ಕುಂದುತ್ತದೆ, ಗಡಿ ಎಲ್ಲಿ ಎಳೆಯುವುದು? ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರಗಳು ಮಸುಕಾಗಿ ದೊಡ್ಡ ಪಾಲು ಎದ್ದು ಬರುತ್ತದೆ. ಅನುಮಾನವಿದ್ದರೂ ಒಂದು ಕಡೆ ಗಡಿ ಎಳೆಯಿರಿ, ಸರಿಯಿಲ್ಲದಿದ್ದರೆ ಸರಿಸಿ.

ಎರಡು ಬೂದಿನಲ್ಲಿ ತಲೆ ತಿರುಗಿ ನಿಂತಿತೆಂದಾದ ಮೇಲೆ ಬೆಳಕಿನ ಪಾಲನ್ನು ಎರಡಾಗಿಸಿ, ಆಮೇಲೆ ನೆರಳಿನ ಪಾಲನ್ನು. ಒಟ್ಟು ನಾಲ್ಕು. ಒಂದು ಕಟ್ಟುನಿಟ್ಟು ಇಲ್ಲಿ ಇರಲಿ: ನೆರಳಿನೊಳಗಿನ ಅತಿ ತಿಳಿಯಾದ ಜಾಗವೂ ಬೆಳಕಿನೊಳಗಿನ ಅತಿ ಗಾಢ ಜಾಗಕ್ಕಿಂತ ಗಾಢವಾಗಿಯೇ ಇರಬೇಕು. ದವಡೆಯ ಕೆಳಗೆ ಬಟ್ಟೆಯಿಂದ ಪುಟಿದು ಬರುವ ಬೆಳಕು ಆಕರ್ಷಕವಾಗಿ ಕಾಣುತ್ತದೆ, ಎಲ್ಲರೂ ಅದನ್ನು ಅತಿಯಾಗಿ ಬೆಳಗಿಸುತ್ತಾರೆ, ನೆರಳು ಅಲ್ಲಿಯೇ ಒಡೆದುಹೋಗುತ್ತದೆ.

ಮೆದುಗೊಳಿಸುವ ಕೆಲಸ ಕೊನೆಯದು, ಅದೂ ಆಯ್ದ ಕಡೆ. ಅಂಚುಗಳು ಎಲ್ಲ ಒಂದೇ ಅಲ್ಲ. ಮೂಗು ತುಟಿಯ ಮೇಲೆ ಬೀಳಿಸುವ ನೆರಳು ಮೂಗಿನ ಬುಡದಲ್ಲಿ ಚೂಪಾಗಿರುತ್ತದೆ, ದೂರ ಹೋದಂತೆ ಮಸುಕಾಗುತ್ತದೆ. ಕೆನ್ನೆಯಂಥ ದುಂಡು ಭಾಗದಲ್ಲಿ ನೆರಳಿನ ಗಡಿ ಅಗಲವಾಗಿ ಮೆದು. ಮೂಗಿನ ಮೂಳೆ, ಹುಬ್ಬಿನ ಮೂಳೆಗಳ ಮೇಲೆ ಅದೇ ಗಡಿ ಬಿಗಿ. ಕಪ್ಪು ಕೂದಲು ಕಪ್ಪು ಹಿನ್ನೆಲೆಗೆ ಸೇರುವಲ್ಲಿ ಅಂಚೇ ಇಲ್ಲದಿದ್ದರೂ ನಡೆಯುತ್ತದೆ. ಬರೆಯುವಾಗ ಪ್ರತಿ ಗಡಿಯ ಬಳಿ ಕೇಳಿಕೊಳ್ಳಿ: ಇದು ಚೂಪೇ, ಮೆದುವೇ, ಕಳೆದುಹೋದದ್ದೇ? ಮೆದುವಾಗಬೇಕಾದ ಕಡೆ ಎರಡು ತಟ್ಟುಗಳ ನಡುವಿನ ಬಣ್ಣವೊಂದನ್ನು ಮಾಡಿಕೊಂಡು ಅದೇ ಗಟ್ಟಿ ಬ್ರಷ್‌ನಿಂದ ಹಚ್ಚಿ. ಬ್ರಷ್‌ನ ಗುರುತು ಉಳಿದರೆ ಉಳಿಯಲಿ, ಚರ್ಮಕ್ಕೆ ಜೀವ ಬರುವುದು ಅದರಿಂದಲೇ.

ಬಣ್ಣಗಳನ್ನು ಉಜ್ಜಿ ಬೆರೆಸುವ ಸ್ಮಜ್ ಉಪಕರಣಕ್ಕೂ ಇದೇ ಮಾತು. ಅದು ಏರ್‌ಬ್ರಷ್‌ಗಿಂತ ಕೆಟ್ಟದ್ದು, ಮಾಡಿದ ತೀರ್ಮಾನವನ್ನೂ ಅಳಿಸುತ್ತದೆ.

ನಾಲ್ಕನೇ ಹೆಜ್ಜೆ: ಕಪ್ಪು, ಬಿಳಿ, ಐಡ್ರಾಪರ್

ಚರ್ಮದ ಒಂದು ಬಣ್ಣ, ನೆರಳಿಗೆ ಅದಕ್ಕೇ ಕಪ್ಪು ಬೆರೆಸಿದ್ದು, ಬೆಳಕಿಗೆ ಬಿಳಿ ಬೆರೆಸಿದ್ದು. ಫಲ: ಬೂದಿ ಮೆತ್ತಿದ ಮುಖ. ಬೆಳಗಿಸುವ ಡಾಡ್ಜ್ ಮತ್ತು ಗಾಢಗೊಳಿಸುವ ಬರ್ನ್ ಉಪಕರಣ ಬಳಸಿದರೂ ಹೆಚ್ಚು ಕಡಿಮೆ ಅಲ್ಲಿಗೇ ತಲುಪುತ್ತೀರಿ. ಚರ್ಮದ ಬಣ್ಣವನ್ನೇ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಲೇಯರ್‌ನಲ್ಲಿ ಹಚ್ಚಿದರೆ ತೊಂದರೆ ಇನ್ನೊಂದು ದಿಕ್ಕಿನದು, ನೆರಳು ಸುಟ್ಟ ಕಿತ್ತಳೆಯಾಗುತ್ತದೆ.

ಬಣ್ಣಚಕ್ರದ 360 ಡಿಗ್ರಿಗಳಲ್ಲಿ ಮನುಷ್ಯರ ಚರ್ಮ, ಬಿಳುಪಾಗಲಿ ಕಡುಗಪ್ಪಾಗಲಿ, ಬಹುಪಾಲು ಕೆಂಪಿನಿಂದ ಕಿತ್ತಳೆಯವರೆಗಿನ ಕಿರಿದಾದ ಪಟ್ಟಿಯಲ್ಲಿಯೇ ಇರುತ್ತದೆ. ವ್ಯತ್ಯಾಸ ಇರುವುದು ಮುಖ್ಯವಾಗಿ ತಿಳಿ-ಗಾಢದಲ್ಲಿ ಮತ್ತು ಬಣ್ಣದ ತೀವ್ರತೆಯಲ್ಲಿ. ಆದರೆ ಒಂದೇ ಮುಖದೊಳಗೆ ಆ ಪಟ್ಟಿಯ ಉದ್ದಕ್ಕೂ ಓಡಾಟವಿದೆ. ಮೂಗು, ಕೆನ್ನೆ, ಕಿವಿಗಳಲ್ಲಿ ರಕ್ತ ಹತ್ತಿರ, ಕೆಂಪು ಹೆಚ್ಚು. ಹಣೆ ಹಳದಿಯತ್ತ. ಗಡ್ಡ ಬೋಳಿಸಿದ ದವಡೆ ಬೂದುಹಸಿರಿನತ್ತ. ಬೆಳಕು ಚರ್ಮದೊಳಗೆ ಕೊಂಚ ಇಳಿದು ಚದುರಿ ಹೊರಬರುವುದರಿಂದ ನೆರಳಿನ ಗಡಿಯಲ್ಲಿಯೂ ಹಿಂದಿನಿಂದ ಬೆಳಕು ಬಿದ್ದ ಕಿವಿಯಲ್ಲಿಯೂ ಕೆಂಪು ಮಿನುಗುತ್ತದೆ. ಗಾಢ ಚರ್ಮದ ಮೇಲೆ ಹೊಳಪಿನ ಚುಕ್ಕೆಗಳು ಹೆಚ್ಚು ಎದ್ದು ಕಾಣುತ್ತವೆ ಮತ್ತು ಬೆಳಕಿನ ಮೂಲದ ಬಣ್ಣವನ್ನು ಹೊತ್ತು ಬರುತ್ತವೆ. ಆಕಾಶದ ಬೆಳಕಾದರೆ ನೀಲಿ, ಅಚ್ಚ ಬಿಳಿಯಲ್ಲ. ಕಣ್ಣಿನ ಬಿಳಿಯೂ ಬಿಳಿಯಲ್ಲ. ಅದು ಒಂದು ಗೋಲ, ಮೇಲಿನ ರೆಪ್ಪೆ ಅದರ ಮೇಲೆ ನೆರಳು ಹಾಕುತ್ತದೆ. ಬೂದು ಹಚ್ಚಿ. ಹಲ್ಲಿಗೂ ಅದೇ ಉಪಚಾರ.

"ಹಾಗಾದರೆ ಫೋಟೊದಿಂದಲೇ ಬಣ್ಣ ಎತ್ತಿಕೊಂಡರಾಯಿತಲ್ಲ" ಎನ್ನುವಿರಿ. ಬಣ್ಣ ಎತ್ತುವ ಉಪಕರಣವಾದ ಐಡ್ರಾಪರ್ ಒಂದು ಪಿಕ್ಸೆಲ್‌ನ ಬಣ್ಣ ಕೊಡುತ್ತದೆ, ಪಕ್ಕದ ಪಿಕ್ಸೆಲ್‌ನದು ಬೇರೆ ಇರುತ್ತದೆ, ನೆರಳುಗಳಲ್ಲಂತೂ ಕ್ಯಾಮೆರಾ ತಾನೇ ಸೇರಿಸುವ ಚುಕ್ಕೆಗಳ ಗದ್ದಲವೇ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಬಣ್ಣ ಎಂಬುದು ನೆರೆಯವರನ್ನು ಅವಲಂಬಿಸಿದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್, ಕಪ್ಪು ದಾರ ಮಂಕಾಗಿದೆ ಎಂಬ ದೂರು ಬಂದಾಗ ದೋಷ ದಾರದ್ದಲ್ಲ, ಅದರ ಪಕ್ಕದ ಬಣ್ಣದ್ದು ಎಂದು ಕಂಡುಕೊಂಡ. 1839ರಲ್ಲಿ ಈ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ. ಸ್ವೀಡನ್ನಿನ ಭಾವಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಾಲ್ಕು ಬಣ್ಣಗಳ ಪ್ಯಾಲೆಟ್‌ನಲ್ಲಿ, ಅಂದರೆ ಹಳದಿ ಕಾವಿ, ಸಿಂಧೂರಗೆಂಪು, ಕಪ್ಪು, ಬಿಳಿ ಇವುಗಳಲ್ಲಿ, ನೀಲಿ ಎಂಬುದೇ ಇಲ್ಲ. ಕೆಂಪು-ಹಳದಿಗಳ ಪಕ್ಕದಲ್ಲಿ ಕಪ್ಪು ಬಿಳಿ ಬೆರೆತ ಬೂದು ಬಣ್ಣವೇ ನೀಲಿಯಾಗಿ ಕಾಣುತ್ತದೆ. ಫೋಟೊದಿಂದ ಎತ್ತಿದ ಬಣ್ಣ ನಿಮ್ಮ ಚಿತ್ರದ ಬೇರೆ ನೆರೆಹೊರೆಯಲ್ಲಿ ಕೂತಾಗ ಬೇರೆಯೇ ಆಗಿಬಿಡುವುದು ಇದರಿಂದ.

ಐಡ್ರಾಪರ್ ಅನ್ನು ಪೂರ್ತಿ ಎಸೆಯುವ ಬದಲು ಕೆಲಸ ಬದಲಿಸಿ ಕೊಡಿ. ಮೊದಲು ನೀವೇ ಊಹಿಸಿ ಬಣ್ಣ ಮಾಡಿ: ಹಣೆಯ ಬೆಳಕಿಗಿಂತ ಕೆನ್ನೆಯ ನೆರಳು ಎಷ್ಟು ಗಾಢ, ಕೆಂಪಿನ ಕಡೆಗೋ ಹಳದಿಯ ಕಡೆಗೋ, ತೀವ್ರವೋ ಮಂಕೋ. ಕ್ಯಾನ್ವಾಸ್ ಮೇಲೆ ಒಂದು ತೇಪೆ ಹಾಕಿ. ಆಮೇಲೆ ಫೋಟೊದ ಅದೇ ಜಾಗದಿಂದ ಎತ್ತಿ ಪಕ್ಕದಲ್ಲಿ ಇನ್ನೊಂದು ತೇಪೆ. ಅಂತರವನ್ನು ನೋಡಿ, ನಿಮ್ಮ ತೇಪೆಯನ್ನು ತಿದ್ದಿ, ಎತ್ತಿದ್ದನ್ನು ಅಳಿಸಿ. ಹೀಗೆ ಮಾಡುತ್ತ ಹೋದರೆ ನಿಮ್ಮ ಕಣ್ಣು ಯಾವ ಕಡೆ ತಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. ಬಹಳ ಜನ ನೆರಳಿನ ತೀವ್ರತೆಯನ್ನು ಕಡಿಮೆ ಅಂದಾಜಿಸುತ್ತಾರೆ, ಕಣ್ಣಿನ ಬಿಳಿಯನ್ನು ವಿಪರೀತ ತಿಳಿಯಾಗಿಸುತ್ತಾರೆ.

ಫೋಟೊದ ಬಗ್ಗೆಯೂ ಒಂದು ಎಚ್ಚರ. ಕೈಚಾಚಿ ತೆಗೆದ ಮೊಬೈಲ್ ಚಿತ್ರದಲ್ಲಿ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದಿರುತ್ತವೆ. ಅದು ಕ್ಯಾಮೆರಾ ಹತ್ತಿರವಿದ್ದುದರ ಪರಿಣಾಮ. ಎರಡು ಮೀಟರ್‌ನಷ್ಟು ಹಿಂದೆ ಸರಿದು, ಲೆನ್ಸ್ ಝೂಮ್ ಮಾಡಿ ತೆಗೆದದ್ದನ್ನು ಆಧಾರವಾಗಿಟ್ಟುಕೊಳ್ಳಿ. ಇಲ್ಲದಿದ್ದರೆ ಅಳತೆ ಕಲಿಯಲು ಹೋಗಿ ಹತ್ತಿರದ ಕ್ಯಾಮೆರಾ ತಂದ ವಿರೂಪವನ್ನು ಕಲಿಯುತ್ತೀರಿ.

ಐದನೇ ಹೆಜ್ಜೆ: ಅನ್‌ಡೂ, ಲೇಯರ್, ಕೂದಲು

ಒಂದೇ ಗೆರೆಯನ್ನು ಎಳೆದು ಅಳಿಸಿ, ಎಳೆದು ಅಳಿಸಿ, ಕೊನೆಗೆ ಸಾಕಾಗಿ ಉಳಿಸಿಕೊಂಡದ್ದು ಮೊದಲಿನದಕ್ಕಿಂತ ಚೆನ್ನಾಗೇನೂ ಇರುವುದಿಲ್ಲ. ಅರ್ಧ ಗಂಟೆಯ ಅಭ್ಯಾಸಗಳಲ್ಲಿ ಅನ್‌ಡೂ ಶಾರ್ಟ್‌ಕಟ್ ಅನ್ನೇ ತೆಗೆದುಹಾಕಿ. ತಪ್ಪಿದರೆ ಮೇಲೆ ಬಣ್ಣ ಹಚ್ಚಿ ತಿದ್ದಿ. ಹಿಂದಿನ ತಪ್ಪು ಕಣ್ಣೆದುರಿಗೇ ಇರುವುದರಿಂದ ಎಷ್ಟು ಸರಿಸಬೇಕೆಂದು ಅಳೆಯಲು ಅದೇ ಆಧಾರವಾಗುತ್ತದೆ.

ಕಣ್ಣಿಗೊಂದು, ಮೂಗಿಗೊಂದು, ತುಟಿಗೊಂದು ಲೇಯರ್ ಇಟ್ಟುಕೊಳ್ಳುವವರ ಮುಖದಲ್ಲಿ ಅವು ಬೇರೆಬೇರೆಯಾಗಿಯೇ ಉಳಿಯುತ್ತವೆ. ಹಿನ್ನೆಲೆಗೆ ಒಂದು, ವ್ಯಕ್ತಿಗೆ ಒಂದು, ಸಾಕು.

ಕೂದಲನ್ನು ಎಳೆಎಳೆಯಾಗಿ ಬರೆಯುವ ಚಾಳಿಗೆ ಮದ್ದು: ಮೊದಲು ಇಡೀ ಕೂದಲನ್ನು ಒಂದು ಘನ ವಸ್ತುವೆಂದು ತಿಳಿದು ಬೆಳಕು, ನೆರಳು ಎಂಬ ಎರಡೇ ಪಾಲು ಮಾಡಿ. ಆಮೇಲೆ ದೊಡ್ಡ ಗೊಂಚಲುಗಳು. ಹಣೆಯಲ್ಲಿ ಕೂದಲು ಚರ್ಮಕ್ಕೆ ಸೇರುವ ಗಡಿಯನ್ನು ಮೆದುವಾಗಿಸಿ. ಬಿಡಿ ಎಳೆಗಳು ಕೊನೆಯ ಕೆಲವು ನಿಮಿಷಗಳಿಗೆ, ಬೆಳಕು ತಾಗುವ ಒಂದೆರಡು ಕಡೆ ಮಾತ್ರ.

ನಡುವೆ ಚಿತ್ರಗಳು ಕೆಟ್ಟರೆ

ಕೆಡುತ್ತವೆ. ಏರ್‌ಬ್ರಷ್ ಬಿಟ್ಟ ಮೊದಲ ಕೆಲವು ಮುಖಗಳು ಒರಟಾಗಿ, ನಿಮ್ಮ ಹಳೆಯವಕ್ಕಿಂತ ಕೀಳಾಗಿ ಕಾಣುತ್ತವೆ. ಹಳೆಯ ನಯ ತಪ್ಪುಗಳನ್ನು ಮರೆಸುತ್ತಿತ್ತು, ಈಗ ಅವು ಹೊರಗೆ ಬಂದಿವೆ. ಹಣಕ್ಕೆ ಚಿತ್ರ ಬರೆದುಕೊಡುವವರಾದರೆ ಆ ಕೆಲಸವನ್ನು ಸದ್ಯಕ್ಕೆ ಹಳೆಯ ರೀತಿಯಲ್ಲೇ ಮುಗಿಸಿ, ಹೊಸ ಅಭ್ಯಾಸವನ್ನು ಬೇರೆ ಕಡತದಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ. ಗಡುವಿನ ಒತ್ತಡದಲ್ಲಿ ಯಾವ ಕೈಯೂ ಹೊಸದನ್ನು ಕಲಿಯುವುದಿಲ್ಲ. ಇಚ್ಛಾಶಕ್ತಿಯನ್ನು ನೆಚ್ಚಿಕೊಳ್ಳುವ ಬದಲು ಉಪಕರಣಪಟ್ಟಿಯನ್ನೇ ಬದಲಿಸಿ: ಗಟ್ಟಿ ದುಂಡು ಬ್ರಷ್ ಮತ್ತು ಒಂದು ಚಪ್ಪಟೆ ಬ್ರಷ್ ಮಾತ್ರ ಇರುವ ಹೊಸ ಗುಂಪು ಮಾಡಿ, ಉಳಿದವನ್ನು ಮರೆಮಾಡಿ.

ಬಿಟ್ಟ ಉಪಕರಣಗಳು ಮರಳಿ ಬರಬಹುದು, ಷರತ್ತಿನ ಮೇಲೆ. ಹೊಸ ಚಿತ್ರವನ್ನು ಮೊದಲ ಹೆಜ್ಜೆಯ ಮೂರೂ ಪರೀಕ್ಷೆಗೆ ಒಡ್ಡಿ. ಅದು ಗೆದ್ದರೆ ಏರ್‌ಬ್ರಷ್ ಅನ್ನು ಒಳಗೆ ಬಿಡಿ, ಆದರೆ ಕೆನ್ನೆಯ ತಿರುವು, ಹಿನ್ನೆಲೆಗೆ ಕರಗುವ ಹೆಗಲು ಇಂಥ ಕಡೆ ಮಾತ್ರ, ಅದೂ ಮುಖದಷ್ಟೇ ದೊಡ್ಡ ಗಾತ್ರದಲ್ಲಿ. ದೊಡ್ಡ ಕ್ಯಾನ್ವಾಸ್ ಆಮೇಲೆ. ಮಲ್ಟಿಪ್ಲೈ ಲೇಯರ್ ಬೇಕಾದರೆ ಚರ್ಮದ ಬಣ್ಣದ ಬದಲು ಮಂಕಾದ ನೇರಳೆಯನ್ನೋ ನೀಲಿಬೂದನ್ನೋ ಹಚ್ಚಿ ನೋಡಿ. ಮುಖದ ಅರ್ಧ ಬರೆದು ಉಳಿದರ್ಧವನ್ನು ಸಿಮೆಟ್ರಿ ಉಪಕರಣಕ್ಕೆ ಒಪ್ಪಿಸುವುದನ್ನು ಮಾತ್ರ ನೇರ ನೋಟದ ಮುಖಕ್ಕೂ ಮತ್ತೆ ಹಿಡಿಯಬೇಡಿ. ಯಾರ ಮುಖದ ಎರಡು ಬದಿಗಳೂ ಒಂದೇ ಇರುವುದಿಲ್ಲ.